ಹೆದರಿಕೆಯ ಬಟ್ಟಲು

“ಈ ಉಂಗುರ ನೀನೇ ವಾಪಸ್ ಕಳಿಸಿದ್ದಾ? ಬಾಯಿಬಿಟ್ಟು ಹೇಳು ನಜ್ಲಾ!”

ರಿಫಾತ್ ಬಾಗಿಲಲ್ಲಿ ನಿಂತಿದ್ದ. ನಜ್ಲಾ ತಲೆ ಎತ್ತಲಿಲ್ಲ. ಮದುವೆ ಗೊತ್ತಾದ ಹುಡುಗಿ ಉಂಗುರ ಹಿಂದಿರುಗಿಸಿದಳೆಂದರೆ ಸಂಬಂಧ ಮುರಿದಂತೆಯೇ.

ನಲವತ್ತು ದಿನದ ಹಿಂದೆ, ದ್ರಾಕ್ಷಿ ತೋಟದ ಕೂಲಿಗೆ ಹೊರಟ ಹುಡುಗಿಯರ ದೋಣಿ ನೈಲ್ ನದಿಯಲ್ಲಿ ಮಗುಚಿತ್ತು. ನಜ್ಲಾ ಬದುಕಿ ಬಂದಳು. ತಂಗಿ ಬಸೀಮಾ ಬರಲಿಲ್ಲ.

ಅಂದಿನಿಂದ ನಜ್ಲಾಳ ಸೋದರತ್ತೆ ಇನ್ಸಾಫ್ ದಿನಾ ಬೆಳಿಗ್ಗೆ, ಕುಡಿದವರ ಹೆದರಿಕೆ ಬಿಡಿಸುತ್ತದೆಂದು ನಂಬಿದ್ದ ಹಿತ್ತಾಳೆ ಬಟ್ಟಲಲ್ಲಿ ಅವಳಿಗೆ ನೀರು ಕುಡಿಸುತ್ತಿದ್ದಳು. “ಅವಳ ಹತ್ರ ಯಾರೂ ಆ ಮಾತೆತ್ತಬೇಡಿ. ಆಡಿದ್ರೆ ಹೆದರಿಕೆ ಮತ್ತೆ ಒಳಗೆ ಸೇರ್ಕೊಳ್ಳುತ್ತೆ” ಅಂತ ಮನೆಯವರಿಗೆಲ್ಲ ತಾಕೀತು. ಹೀಗೆ ಎಲ್ಲರೂ ಸೇರಿ, ಪ್ರೀತಿಯಿಂದಲೇ, ಅವಳ ಬಾಯಿ ಮುಚ್ಚಿಸಿದ್ದರು.

“ಅವಳಿನ್ನೂ ನೀರು ಕುಡಿದಿಲ್ಲ ಕಣೋ, ದಾರಿ ಬಿಡು!” ಅತ್ತೆ ಬಟ್ಟಲು ಹಿಡಿದು ಬಂದಳು.

ರಿಫಾತ್ ಅದನ್ನು ಕಿತ್ತುಕೊಂಡು ತಾನೇ ಗಟಗಟ ಕುಡಿದುಬಿಟ್ಟ!

“ಅಯ್ಯೋ ಕತ್ತೆ! ಅದು ಅವಳದ್ದು!”

“ನಂಗೂ ಹೆದರಿಕೆ ಇದೆ ಅತ್ತೆ. ಸೇತುವೆ ದೂರ, ದೋಣೀಲೇ ಹೋಗಿ ಅಂದವನು ನಾನು... ಅದಕ್ಕೇ ಇವಳು ನನ್ನ ಮುಖ ನೋಡ್ತಿಲ್ಲ.”

ನಜ್ಲಾ ಬೆಚ್ಚಿದಳು. ಇವನು ಹಾಗಂದುಕೊಂಡಿದ್ದಾನಾ...?

“ನೀನಲ್ಲ...” ತನ್ನ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ಬಸೀಮಾ ನನ್ನ ಕುತ್ತಿಗೆ ಹಿಡಿದಿದ್ಲು. ಇಬ್ರೂ ಮುಳುಗ್ತಿದ್ವಿ... ಅವಳ ಬೆರಳು ನಾನೇ ಬಿಡಿಸಿದೆ ರಿಫಾತ್. ಒಂದೊಂದಾಗಿ ಬಿಡಿಸಿದೆ! ಇಂಥವಳನ್ನ ಹೇಗೆ ಮದುವೆ ಆಗ್ತೀಯ?”

ಅತ್ತೆ ಖಾಲಿ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಕವುಚಿಟ್ಟಳು.

‘ನಿನ್ನ ತಪ್ಪಲ್ಲ’ ಎಂದು ರಿಫಾತ್ ಹೇಳಲಿಲ್ಲ. ಆ ಮಾತನ್ನು ಅವನಿಗೂ ಹತ್ತಾರು ಜನ ಹೇಳಿದ್ದರು, ಉಪಯೋಗಕ್ಕೆ ಬಂದಿರಲಿಲ್ಲ. ಹೊಸ್ತಿಲಲ್ಲೇ ಕೂತು ಕೇಳಿದ, “ಆಮೇಲೆ?”

ಅವಳು ಹೇಳಿದಳು. ನೀರೊಳಗಿನ ಕತ್ತಲೆ, ತಂಗಿಯ ಕಣ್ಣು, ದಡದ ಕೆಸರು... ಮೂರು ಸಲ ಮಾತು ನಿಂತಿತು. ಮೂರು ಸಲವೂ ಅವನು ಕಾದ. ಎದೆಯ ಭಾರ ಇಳಿಯಲಿಲ್ಲ. ಆದರೆ ಅದು ಎಷ್ಟು ಭಾರವೆಂದು ಈಗ ಇನ್ನೊಬ್ಬರಿಗೂ ಗೊತ್ತಿತ್ತು.

ಮಾಳಿಗೆಯ ಮೇಲೆ ಅಮ್ಮ ಕೋಳಿಗಳನ್ನು ಗದರುತ್ತಿದ್ದಳು.

“ಅಮ್ಮನಿಗೂ ಹೇಳ್ಬೇಕು... ಅವಳು ನನ್ನ ಕ್ಷಮಿಸದಿದ್ರೆ?”

“ಕ್ಷಮಿಸದೇ ಇರಬಹುದು ನಜ್ಲಾ.” ಅವನು ಎದ್ದು ನಿಂತ. “ಆದ್ರೆ ಆವಾಗ್ಲೂ ನಾನು ಇರ್ತೀನಿ. ನೀನು ಮುಂದೆ ಹತ್ತು, ಹಿಂದೆ ಬರ್ತೀನಿ.”

“ಹಿಂದೆ ಬೇಡ... ಪಕ್ಕದಲ್ಲಿ ಬಾ.”

“ಮೆಟ್ಟಿಲು ಇಕ್ಕಟ್ಟು ಕಣೇ.”

“ಇರಲಿ, ಬಾ.”