ಕೋಳಿಗೂಡಿನ ಹಿಂದೆ

ಮೊದಲು ನೋಡಿದವನು ಪಕ್ಕದ ಮನೆಯ ಟೈಲರ್. ಬೆಳಗ್ಗೆ ಅಂಗಡಿಗೆ ಹೊರಟವನ ಕಣ್ಣಿಗೆ ಬೀದಿಯಲ್ಲಿ ಬರಿಗಾಲಲ್ಲಿ ನಿಂತು ಕೂಗುತ್ತಿದ್ದ ಮುದುಕಿ ಬಿದ್ದಳು. ಟೈಲರ್ ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಅವಳ ಮನೆಯ ಹಿತ್ತಲಿಗೆ ಓಡಿದ.

ಹಿತ್ತಲಿನ ತುದಿಯಲ್ಲಿ ಕೋಳಿಗೂಡು. ಗೂಡಿನ ಹಿಂದೆ, ಕಾಂಪೌಂಡ್ ಗೋಡೆಗೂ ಗೂಡಿಗೂ ನಡುವಿನ ಇಕ್ಕಟ್ಟಿನಲ್ಲಿ, ಮುದುಕಿಯ ಕಿರಿಯ ಮಗಳು ಮಗ್ಗುಲಾಗಿ ಬಿದ್ದಿದ್ದಳು. ಪಕ್ಕದಲ್ಲಿ ಬುಟ್ಟಿ ಉರುಳಿ ಮೊಟ್ಟೆಗಳು ಒಡೆದಿದ್ದವು. ಬಲ ಅಂಗೈಯಲ್ಲಿ ಎರಡು ಚುಕ್ಕೆ. ಅವಳ ಗಂಡ ಬೇಕರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು. ಈಗ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಟೈಲರ್ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಉಸಿರಿರಲಿಲ್ಲ.

"ನಾಗರಹಾವು," ಎಂದ ಗಂಡ. "ಕಚ್ಚಿ ಗೋಡೆ ಹಾರಿ ಹೋಯ್ತು."

*

ಸತ್ತವಳಿಗೆ ಒಬ್ಬಳೇ ಅಕ್ಕ. ಬೇರೆ ಊರಿನಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್. ಸುದ್ದಿ ಕೇಳಿದಾಗ ಅವಳು ಒಬ್ಬ ಕಳ್ಳನನ್ನು ವಿಚಾರಣೆ ಮಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ಅವನನ್ನು ಏನು ಕೇಳುತ್ತಿದ್ದೆನೆಂಬುದೇ ಅವಳಿಗೆ ಮರೆತುಹೋಯಿತು. ಸಹೋದ್ಯೋಗಿಗಳೇ ಜೀಪು ಹತ್ತಿಸಿ ಕಳಿಸಿದರು.

ತಂಗಿಯ ಊರಿನ ಸ್ಟೇಷನ್ನಿನ ಮುಂದೆ ಜನ ಸೇರಿದ್ದರು. ಒಳಗೆ ಬೆಂಚಿನ ಮೇಲೆ ಹಾವು ಹಿಡಿಯುವವನು ಕೂತಿದ್ದ. ಸದಾ ಹೆಗಲಿಗೊಂದು ಬಟ್ಟೆಚೀಲ ಹಾಕಿಕೊಂಡು ತಿರುಗುವುದರಿಂದ ಅವನು ಊರಿಗೆಲ್ಲ ಚೀಲದಣ್ಣ. ಅವನ ತುಟಿ ಒಡೆದಿತ್ತು. ಅಂಗಿಯ ತೋಳು ಹರಿದಿತ್ತು.

ಅಲ್ಲಿನ ಸಬ್-ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವನು. ಅಕ್ಕನನ್ನು ಕಂಡೊಡನೆ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದ. ಕಳೆದ ವಾರ ಟೈಲರನ ಬಚ್ಚಲಿಗೆ ನಾಗರಹಾವು ಬಂದಿತ್ತಂತೆ. ಚೀಲದಣ್ಣ ಅದನ್ನು ಹಿಡಿದು ದೂರ ಬಿಡುವ ಬದಲು ಹಿಂದಿನ ಖಾಲಿ ಸೈಟಿನಲ್ಲೇ ಬಿಟ್ಟಿದ್ದನಂತೆ. ಅದೇ ಹಾವು ಕೋಳಿಗೂಡಿಗೆ ಬಂತು ಎಂದು ಬೀದಿಯವರ ಸಿಟ್ಟು. ನಾಲ್ಕು ಏಟು ಬಿದ್ದ ಮೇಲೆ ಪೊಲೀಸರು ಅವನನ್ನು ಬಿಡಿಸಿ ತಂದಿದ್ದರು.

"ಎಲ್ಲಿ ಬಿಟ್ಟೆ?" ಎಂದು ಅಕ್ಕ ಕೇಳಿದಳು.

"ಕಾಡಂಚಲ್ಲಿ ಬಿಟ್ಟೆ ಅಕ್ಕಾ. ಬಸ್ಸಲ್ಲಿ ಚೀಲ ಇಟ್ಕೊಂಡು ಹೋದೆ. ಏನಿದೆ ಅಂತ ಕಂಡಕ್ಟರಿಗೂ ಹೇಳ್ಲಿಲ್ಲ. ಹೇಳಿದ್ರೆ ಇಳಿಸಿಬಿಡ್ತಿದ್ದ. ಈಗ ಸಾಕ್ಷಿ ಯಾರು ಹೇಳ್ತಾರೆ?"

ಟೈಲರನ ಮೇಲೂ ಅನುಮಾನ ಪಡಬಹುದಿತ್ತು. ಕೋಳಿಯಿಂದ ಇಲಿ, ಇಲಿಯಿಂದ ಹಾವು, ಗೂಡು ಕಿತ್ತುಹಾಕಿ ಎಂದು ಅವನು ತಿಂಗಳುಗಟ್ಟಲೆ ತಂಗಿಯ ಜೊತೆ ಜಗಳವಾಡಿದ್ದ. ಆದರೆ ಈಗ ಅವನೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಜಗಳವಾಡಿದ ಮಾರನೇ ದಿನವೂ ಅವಳು ಗೋಡೆಯ ಮೇಲೆ ಅವನ ಮಕ್ಕಳಿಗೆ ಮೊಟ್ಟೆ ಇಟ್ಟು ಹೋಗುತ್ತಿದ್ದಳಂತೆ. ಅವನು ಇನ್ನೊಂದು ಮಾತು ಹೇಳಿದ. ಮುದುಕಿಯ ಕೂಗು ಕೇಳಿದ ತಕ್ಷಣ ಓಡಿದೆ, ಅಷ್ಟರಲ್ಲೇ ಜೀವ ಹೋಗಿತ್ತು.

ಅಷ್ಟರಲ್ಲೇ ಎಂಬ ಆ ಮಾತು ಅಕ್ಕನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹಾವು ಕಚ್ಚಿ ಸತ್ತವರ ಕೇಸುಗಳನ್ನು ಅವಳು ನೋಡಿದ್ದಳು. ನಾಗರಹಾವಿನ ವಿಷ ಕೂಡ ಏರುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ನೋವು, ಕೂಗಾಟ, ಓಡಾಟ ಇರುತ್ತದೆ. ತಂಗಿ ಕೂಗಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಹುತ್ತ ಬಡಿದ್ರೆ ಹಾವು ಸಾಯಲ್ಲ," ಎಂದಳು ಸಬ್-ಇನ್ಸ್‌ಪೆಕ್ಟರಿಗೆ. "ಇವನಿಗೆ ಕುಡಿಯೋಕೆ ನೀರು ಕೊಡಿ. ಪೋಸ್ಟ್‌ಮಾರ್ಟಂ ಆಗೋವರೆಗೂ ಏನೂ ಬರೀಬೇಡಿ."

*

ಶವಾಗಾರದಲ್ಲಿ ಅವಳು ತಂಗಿಯ ಮುಖವನ್ನು ನೋಡಲಿಲ್ಲ. ನೋಡಿದರೆ ತಾನು ಪೊಲೀಸಾಗಿ ಉಳಿಯುವುದಿಲ್ಲವೆಂದು ಗೊತ್ತಿತ್ತು. ಕೈಯನ್ನು ಮಾತ್ರ ತೆಗೆದುಕೊಂಡಳು. ಗೂಡಿನ ಕೆಲಸದಿಂದ ಉಗುರಿನ ಸಂದಿಯಲ್ಲಿ ಮಣ್ಣು ಕೂತಿತ್ತು. ಅಂಗೈಯ ಚುಕ್ಕೆಗಳು ಬಿಳಿಚಿಕೊಂಡು, ಒಣಗಿ, ನಡುವೆ ತಗ್ಗಾಗಿ, ಅಂಚು ಗಟ್ಟಿಯಾಗಿದ್ದವು. ರಕ್ತ ಒಂದು ಹನಿಯೂ ಬಂದಿರಲಿಲ್ಲ. ಕೈ ಊದಿರಲಿಲ್ಲ.

ಅವಳು ವೈದ್ಯೆಯ ಕಡೆ ತಿರುಗಿದಳು. ವೈದ್ಯೆ, ರಿಪೋರ್ಟ್ ಬರಬೇಕು, ಆದರೂ ಇದು ಹಲ್ಲಿನ ಗುರುತಲ್ಲ, ಸುಟ್ಟ ಗುರುತು ಎಂದಳು.

ಅಕ್ಕ ತಂಗಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಕೈಯನ್ನು ಬಟ್ಟೆಯೊಳಗೆ ಇಟ್ಟು ಹೊರಗೆ ಬಂದಳು.

*

ಹಿತ್ತಲಿನಲ್ಲಿ ನೆಲ ಇನ್ನೂ ಒದ್ದೆ. ಬೆಳಗ್ಗೆ ಎದ್ದೊಡನೆ ನೀರು ಹಾಕಿ ತೊಳೆಯುವುದು ತಂಗಿಯ ಅಭ್ಯಾಸ. ಮರದ ಚೌಕಟ್ಟಿಗೆ ಸುತ್ತಲೂ ಕಬ್ಬಿಣದ ಜಾಲರಿ ಹೊಡೆದ ಗೂಡು. ಅಡುಗೆಮನೆಯ ಕಿಟಕಿಯಿಂದ ಗೂಡಿನ ಮುಂಭಾಗ ಪೂರ್ತಿ ಕಾಣುತ್ತದೆ. ಮೊಟ್ಟೆ ತೆಗೆಯುವ ಚಿಕ್ಕ ಬಾಗಿಲು ಮಾತ್ರ ಹಿಂದೆ ಇದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತವರು ಕಿಟಕಿಗೆ ಕಾಣುವುದಿಲ್ಲ.

ಕೋಳಿಗಳು ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು. ಯಾರೂ ಕಾಳು ಹಾಕಿರಲಿಲ್ಲ.

ಅಕ್ಕ ಜಾಲರಿಯ ಉದ್ದಕ್ಕೂ ನಿಧಾನವಾಗಿ ನೋಡುತ್ತ ಬಂದಳು. ಕೆಳಗಿನ ಮೂಲೆಯಲ್ಲಿ ತುಕ್ಕು ಕೆರೆದುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಆ ಜಾಗದಲ್ಲಿ ಕೂದಲೆಳೆಯಷ್ಟು ತಾಮ್ರ ಸುತ್ತಿಕೊಂಡಿತ್ತು. ಅವಳು ಅಲ್ಲಿಂದ ಅಡುಗೆಮನೆಯ ಕಡೆ ನೋಡಿದಳು. ಕಿಟಕಿಯ ಚೌಕಟ್ಟಿನಲ್ಲಿ ಒಂದು ತೂತು. ತೂತಿನೊಳಗೆ ಏನೂ ಇರಲಿಲ್ಲ.

ಅವಳು ತಾಯಿಯನ್ನು ಹುಡುಕಿಕೊಂಡು ಒಳಗೆ ಹೋದಳು.

*

ತಾಯಿ ಒಳಗೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ಕಣ್ಣೀರು ಬತ್ತಿತ್ತು. ಹಿರಿಮಗಳು ಪಕ್ಕದಲ್ಲಿ ಕೂತು ತಲೆ ನೇವರಿಸಿದಾಗ ಸಣ್ಣ ದನಿಯಲ್ಲಿ ಹೇಳಿದಳು.

"ಬಿಡಲಿಲ್ಲ ಕಣೆ ನಾನು ಅದನ್ನ."

"ಯಾವುದನ್ನಮ್ಮ?"

"ಆ ಹಾವನ್ನ. ನಿನ್ನ ತಂಗೀನ ತಿಂದು ಬದುಕಿಕೊಂಡು ಹೋಗೋಕೆ ಬಿಡ್ತೀನಾ? ಅಲ್ಲೇ ಸತ್ತು ಬಿತ್ತು."

"ಹಾವು ಗೋಡೆ ಹಾರಿ ಹೋಯ್ತು ಅಂತ ನಿಮ್ಮ ಅಳಿಯ ಹೇಳಿದ್ದಾನಲ್ಲ."

ತಾಯಿ ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದಳು. "ಕರೆಂಟಿನ ವಿಷಯ ಪೊಲೀಸ್ರ ಹತ್ರ ಹೇಳ್ಬೇಡಿ ಅತ್ತೆ ಅಂದ. ತಪ್ಪಂತೆ ಅದು. ಅದಕ್ಕೇ ಹಾಗೆ ಹೇಳಿರ್ತಾನೆ. ನೀನೇನು ನನಗೆ ಪೊಲೀಸಾ? ನನ್ನ ಮಗಳಲ್ವಾ?"

ತಾಯಿ ಮುಂದುವರಿಸಿದಳು. ಗೂಡಿಗೆ ಹಾವು ಬರುವುದು ಹೆಚ್ಚಾದ ಮೇಲೆ ಅಳಿಯ ಜಾಲರಿಗೆ ಕರೆಂಟು ಕೊಟ್ಟಿದ್ದನಂತೆ. ರಾತ್ರಿ ಹಾಕುವುದು, ಬೆಳಗ್ಗೆ ಆರಿಸುವುದು. ಹಗಲಲ್ಲಿ ಹಾವು ಕಂಡರೆ ಹೊರಗೆ ಓಡಬೇಡಿ ಅತ್ತೆ, ಈ ಸ್ವಿಚ್ ಒತ್ತಿ ಸಾಕು ಎಂದು ಹೇಳಿಕೊಟ್ಟಿದ್ದನಂತೆ. ಇವತ್ತು ಕೋಳಿಗಳು ಅರಚಿಕೊಂಡವು. ಕಿಟಕಿಯಿಂದ ನೋಡಿದರೆ ಮಾರುದ್ದದ ಹಾವು ಒದ್ದೆ ನೆಲದಿಂದ ಜಾಲರಿಗೆ ಹತ್ತುತ್ತಿತ್ತು. ಕಿರಿಮಗಳು ಮುಂದಿನ ಅಂಗಳ ಗುಡಿಸುತ್ತಿದ್ದಾಳೆ ಎಂದುಕೊಂಡು ಸ್ವಿಚ್ ಒತ್ತಿದಳು. ಹಾವು ಒಮ್ಮೆ ಸುರುಳಿ ಸುತ್ತಿ ಬಿತ್ತು. ಹಾವು ಸತ್ತಿತು ಬಾರೇ ಎಂದು ಮಗಳನ್ನು ಕರೆದಳು. ಮಗಳು ಬರಲಿಲ್ಲ.

"ಅಷ್ಟೊತ್ತಿಗಾಗ್ಲೇ ಕಚ್ಚಿಬಿಟ್ಟಿತ್ತಲ್ಲ," ಎಂದಳು ತಾಯಿ. "ಒಂದು ಗಳಿಗೆ ಮುಂಚೆ ನೋಡಿದ್ದಿದ್ರೆ ನನ್ನ ಮಗು ಉಳಿಯೋದು."

ಅಕ್ಕ ತಾಯಿಯ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.

*

ಹಾವು ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ, ಒಣಗಿದ ಎಲೆಗಳ ಕೆಳಗೆ ಸಿಕ್ಕಿತು. ನಾಗರಹಾವಲ್ಲ, ಕೇರೆಹಾವು. ಇಲಿ, ಮೊಟ್ಟೆ ತಿನ್ನುವ ಹಾವು. ವಿಷವಿಲ್ಲದ್ದು. ಮೈಮೇಲೆ ಕೋಲಿನ ಒಂದು ಏಟೂ ಇರಲಿಲ್ಲ. ಹೊಟ್ಟೆಯ ಕೆಳಗೆ ಮಾತ್ರ ಜಾಲರಿಯ ಗೆರೆ ಸುಟ್ಟು ಮೂಡಿತ್ತು.

ಅವಳು ಬಗ್ಗಿ ನೋಡುತ್ತಿರುವಾಗಲೇ ಹಿಂದೆ ತಂಗಿಯ ಗಂಡ ಬಂದು ನಿಂತ.

"ತಂತಿ ಎಲ್ಲಿಟ್ಟಿದ್ದೀಯ?" ಎಂದು ಅವಳು ತಿರುಗದೆ ಕೇಳಿದಳು.

ಅವನು ಏನನ್ನೂ ನಿರಾಕರಿಸಲಿಲ್ಲ. ಅಡುಗೆಮನೆಯಲ್ಲಿ, ಹಿಟ್ಟಿನ ಚೀಲಗಳ ಹಿಂದೆ ಎಂದ. ಆಮೇಲೆ ನಿಂತಲ್ಲೇ ಕುಸಿದು ಕೂತ. ಹೋದ ತಿಂಗಳು ಗೂಡಿನೊಳಗೆ ಕೈ ಹಾಕಿದಾಗ ಹಾವು ಅವಳ ಮೊಣಕೈ ತಾಗಿ ಹೋಗಿತ್ತಂತೆ. ಅವಳು ನಕ್ಕುಬಿಟ್ಟಳಂತೆ. ನಿದ್ದೆ ಕೆಟ್ಟಿದ್ದು ಅವನದು. ರಾತ್ರಿಯೆಲ್ಲ ಬೇಕರಿಯ ಒಲೆಯ ಮುಂದೆ ನಿಂತಾಗ ಅದೇ ಯೋಚನೆ. ಅವಳಿಗೇನಾದರೂ ಆದರೆ ಎಂದು ಹೆದರಿ ತಂತಿ ಎಳೆದ. ಅವಳು ಬೇಡವೆಂದಿದ್ದಳು. ಪ್ರತಿದಿನ ಬೆಳಗ್ಗೆ ಸ್ವಿಚ್ ಆರಿದೆಯೇ ಎಂದು ನೋಡಿಯೇ ಹಿತ್ತಲಿಗಿಳಿಯುತ್ತಿದ್ದಳು. ಇವತ್ತೂ ನೋಡಿಯೇ ಇಳಿದಿದ್ದಳು.

"ಅತ್ತೆ ಕೂಗಿದ್ದು ಕೇಳಿ ಎದ್ದೆ. ಸ್ವಿಚ್ ನೋಡ್ದೆ, ಆರಿಸ್ದೆ, ಓಡ್ದೆ. ಅವಳ ಕೈ ಇನ್ನೂ ಬಾಗಿಲ ಜಾಲರಿ ಮೇಲೇ ಇತ್ತು. ಅತ್ತೇನ ಬೀದಿಗೆ ಕಳಿಸಿ ತಂತಿ ಕಿತ್ತೆ, ಹಾವನ್ನ ಮುಚ್ಚಿದೆ."

"ನಿನ್ನ ತಪ್ಪು ಮುಚ್ಚೋಕೆ."

"ನನ್ನದಕ್ಕಲ್ಲ ಅಕ್ಕಾ." ಅವನು ತಲೆ ಎತ್ತಿದ. "ತನ್ನ ಕೈಯಿಂದಲೇ ಮಗಳು ಹೋದ್ಲು ಅಂತ ಗೊತ್ತಾದ್ರೆ ಆ ಜೀವ ಉಳಿಯುತ್ತಾ? ನನ್ನ ಬೇಕಾದ್ರೆ ನೇಣಿಗೆ ಹಾಕಿಸಿ. ಸ್ವಿಚ್ ವಿಷಯ ಮಾತ್ರ ಅವರಿಗೆ ಹೇಳ್ಬೇಡಿ."

ಅಕ್ಕನಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಅವನನ್ನು ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಸ್ಟೇಷನ್ನಲ್ಲಿ ಒಬ್ಬ ತುಟಿ ಒಡಕೊಂಡು ಕೂತಿದ್ದಾನೆ," ಎಂದಳು. "ಅವನು ಏನು ಪಾಪ ಮಾಡಿದ್ದ?"

ಅವಳು ಫೋನ್ ತೆಗೆದಳು.

*

ಸಬ್-ಇನ್ಸ್‌ಪೆಕ್ಟರ್ ಬಂದ. ಅಕ್ಕ ಒಂದೊಂದಾಗಿ ಎಲ್ಲವನ್ನೂ ತೋರಿಸಿ ವಿವರಿಸಿದಳು. ಅಂಗೈಯ ಗುರುತು ಕಚ್ಚಿದ್ದಲ್ಲ, ಜಾಲರಿ ಸುಟ್ಟದ್ದು. ಕ್ಷಣದಲ್ಲಿ, ಕೂಗಿಗೂ ಬಿಡುವಿಲ್ಲದೆ ಬಂದ ಸಾವು ವಿಷದ್ದಲ್ಲ. ಓಡಿಹೋಯಿತೆಂದ ಹಾವು ಇಲ್ಲೇ ಸತ್ತಿದೆ, ಹೊಟ್ಟೆ ಸುಟ್ಟಿದೆ. ಜಾಲರಿಯಲ್ಲಿ ತಾಮ್ರ, ಕಿಟಕಿಯಲ್ಲಿ ಖಾಲಿ ತೂತು, ಹಿಟ್ಟಿನ ಚೀಲದ ಹಿಂದೆ ತಂತಿ. ಇಷ್ಟೂ ಹೇಳುವಾಗ ಅವಳ ದನಿ ಯಾವುದೋ ಪರವೂರಿನ ಕೇಸು ಓದಿದಂತಿತ್ತು.

ಸಬ್-ಇನ್ಸ್‌ಪೆಕ್ಟರ್ ಕೇಳಿದಾಗ ತಂಗಿಯ ಗಂಡ ಗೂಡಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹೆಂಡತಿಯ ಕೈ ಎಲ್ಲಿತ್ತೆಂದು ತೋರಿಸಿದ.

"ಬೆಳಗಾದ ಮೇಲೆ ಕರೆಂಟು ಯಾಕಿತ್ತು? ಯಾರು ಹಾಕಿದ್ರು?"

"ರಾತ್ರಿಯಿಂದ ಇತ್ತು ಸಾರ್. ನಾನೇ ಆರಿಸೋದು ಮರೆತು ಮಲಗಿಬಿಟ್ಟೆ."

ಅವನು ಅಕ್ಕನ ಕಡೆ ನೋಡಲಿಲ್ಲ. ಸಬ್-ಇನ್ಸ್‌ಪೆಕ್ಟರ್ ನೋಡಿದ. ಇಷ್ಟು ವರ್ಷ ಸುಳ್ಳು ಹೇಳಿಕೆಗಳನ್ನು ಬಗೆದು ಬಯಲಿಗೆ ತಂದಿದ್ದ ಅಕ್ಕ ಕೋಳಿಗಳನ್ನು ನೋಡುತ್ತ ಸುಮ್ಮನೆ ನಿಂತಳು.

ಚೀಲದಣ್ಣನನ್ನು ಬಿಟ್ಟುಬಿಡುವಂತೆ ಸ್ಟೇಷನ್ನಿಗೆ ಫೋನು ಹೋಯಿತು. ತಂಗಿಯ ಗಂಡನನ್ನು ಜೀಪಿಗೆ ಹತ್ತಿಸಿದರು.

*

ಅಕ್ಕ ಒಳಗೆ ಬಂದಾಗ ತಾಯಿ ಮಂಚದ ಮೇಲಿರಲಿಲ್ಲ. ಅಡುಗೆಮನೆಯ ಕಿಟಕಿಯ ಮುಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅವನು ಗೂಡಿನ ಹಿಂದೆ ಕೂತು ತೋರಿಸಿದ್ನಲ್ಲ," ಎಂದಳು. "ಅವಳ ಕೈ ಜಾಲರಿ ಮೇಲಿತ್ತಾ?"

"ಹೂಂ."

"ನಾನು ಸ್ವಿಚ್ ಹಾಕಿದಾಗ?"

"ಇಲ್ಲಮ್ಮ. ಅದಕ್ಕೆ ಮುಂಚೆನೇ ಎಲ್ಲ ಮುಗಿದಿತ್ತು. ಸ್ವಿಚ್ಚು ರಾತ್ರಿಯಿಂದ ಹಾಕೇ ಇತ್ತಂತೆ. ಆರಿಸೋದು ಮರೆತಿದ್ದಾನೆ."

ಹೊರಗೆ ಜೀಪು ಹೊರಟ ಸದ್ದು ಕೇಳಿಸಿ ದೂರವಾಯಿತು.

"ಮೊದಲೇ ಹಾಕಿದ್ದಿದ್ರೆ," ಎಂದಳು ತಾಯಿ ನಿಧಾನವಾಗಿ, "ನಾನು ಒತ್ತಿದಾಗ ಆರಬೇಕಿತ್ತಲ್ಲ ಕಣೆ. ಹಾವು ಹೇಗೆ ಸತ್ತಿತು?"

ಅಕ್ಕ ನೆಲ ನೋಡಿದಳು. ತಾಯಿಗೆ ಅಷ್ಟು ಸಾಕಾಯಿತು. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕಿಟಕಿಯ ಕಟ್ಟೆಗೆ ಹಣೆಯಿಟ್ಟು ನಿಂತಳು. ಬೆನ್ನು ಮಾತ್ರ ಏರುತ್ತ ಇಳಿಯುತ್ತ ಇತ್ತು. ಅಕ್ಕ ಹಿಂದಿನಿಂದ ತಬ್ಬಿಕೊಂಡಳು. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಆಗ ಒಡೆಯಿತು. ಇನ್ಸ್‌ಪೆಕ್ಟರ್ ಮಗುವಿನಂತೆ ಅತ್ತಳು.

ಕತ್ತಲಾಗುವ ಹೊತ್ತಿಗೆ ತಾಯಿ ಮುಖ ತೊಳೆದು ಬಂದಳು.

"ನಡಿ, ಸ್ಟೇಷನ್ನಿಗೆ ಹೋಗೋಣ."

"ಯಾಕಮ್ಮ?"

"ತಂತಿ ಎಳೆದದ್ದು ಅವನು. ಅದಕ್ಕೆ ಏನಿದೆಯೋ ಅದು ಅವನಿಗಾಗ್ಲಿ. ನನ್ನದನ್ನೂ ಅವನೇ ಹೊತ್ಕೊಂಡು ಕೂತ್ರೆ ಹೇಗೆ? ನನ್ನ ಮಾತು ನಾನೇ ಹೇಳ್ತೀನಿ. ಆಮೇಲೆ ಅವನಿಗೆ ಊಟ ಆಗಿದೆಯಾ ಕೇಳ್ಬೇಕು. ನಿನ್ನೆ ರಾತ್ರಿಯಿಂದ ಅವನೂ ಏನೂ ತಿಂದಿಲ್ಲ."

ಅಕ್ಕ ತಡೆಯಲಿಲ್ಲ. ತಾಯಿಯ ಚಪ್ಪಲಿ ಹುಡುಕಿ ಕಾಲಿನ ಹತ್ತಿರ ಇಟ್ಟಳು. ಮೆಟ್ಟಿಲಿಳಿಯುವಾಗ ಬಲಗೈ ಹಿಡಿಯಲು ಹೋದಳು. ತಾಯಿ ಆ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಕ್ಕ ಮತ್ತೆ ಹಿಡಿದಳು. ಈ ಸಲ ಬಿಡಲಿಲ್ಲ.