ತೂಕ ಸರಿಯಿದ್ದ ನೀಲಿ ಡ್ರಮ್

“ಒಬ್ಬರಿಗೆ ಒಂದೇ ಚೀಲ. ಚೀಲಕ್ಕೆ ನಾಲ್ಕೇ ಕೆಜಿ. ಅದಕ್ಕಿಂತ ಒಂದು ಕರ್ಚೀಫ್ ಜಾಸ್ತಿ ಇದ್ರೂ ದೋಣಿ ಹತ್ತಂಗಿಲ್ಲ!” ಪ್ರಜ್ವಲ್ ತೂಕದ ಕೊಕ್ಕೆಯನ್ನು ಬಾಲ್ಕನಿಯ ಕಂಬಿಗೆ ಸಿಕ್ಕಿಸಿ, ಪೊಲೀಸಿನವನ ಗತ್ತಿನಲ್ಲಿ ನಿಂತುಬಿಟ್ಟ.

ಎದುರಿಗೆ ಅವನ ಚಿಕ್ಕಪ್ಪ ಜಗನ್ಮೋಹನ್ ಚೀಲ ಹಿಡಿದು ಸರದಿ ಕಾಯುತ್ತಿದ್ದರು. ಹಡಗು ರಿಪೇರಿ ಕೆಲಸದಿಂದ ನಿವೃತ್ತರಾದ ಈ ಮನುಷ್ಯ, ವಿಶಾಖಪಟ್ಟಣದ ಮಧುರವಾಡದಲ್ಲಿನ ತಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ನೆರೆಯವರ ಬೈಗುಳ ತಿನ್ನುತ್ತಲೇ ಒಂದು ಪುಟ್ಟ ಹಾಯಿದೋಣಿ ಕಟ್ಟಿದ್ದರು. ಅದರ ಹೆಸರು ‘ದುರ್ಗಾಂಬ’. ಇಂಜಿನ್ ಇಲ್ಲ, ಗಾಳಿಯೇ ಗತಿ. ಭೀಮಿಲಿಯ ದಡದಿಂದ ಹೊರಟು, ವಾರದಲ್ಲಿ ಮಚಲೀಪಟ್ಟಣ ಸೇರಿ, ಅಲ್ಲಿಂದ ಕಾರಿನಲ್ಲಿ ವಿಜಯವಾಡದ ಪಟಮಟದಲ್ಲಿರುವ ಅಕ್ಕ ಸೂರ್ಯಕಾಂತಮ್ಮನ ಮನೆಗೆ ಸಂಕ್ರಾಂತಿಯ ಹಿಂದಿನ ಭೋಗಿ ಹಬ್ಬದ ಹೊತ್ತಿಗೆ ಮುಟ್ಟಬೇಕು ಎನ್ನುವುದು ಅವರ ಹಟ. ದಿನವೂ ಸಂಜೆ ದೋಣಿಯನ್ನು ಮರಳಿನ ಮೇಲೆ ಎಳೆದು ಹಾಕಬೇಕಾದವರು ಮೂರೇ ಜನ. ಆದ್ದರಿಂದ ಸಾಮಾನು ಹಗುರವಾಗಿರಲೇಬೇಕಿತ್ತು.

ಆ ಮೂವರಲ್ಲಿ ಎರಡನೆಯವಳು ಅವರ ಮಗಳು ಲಕ್ಷ್ಮೀಪ್ರಸನ್ನ. ನರ್ಸಿಂಗ್ ಕೊನೆಯ ವರ್ಷದವಳು, ಹಾಯಿಯ ಹಗ್ಗ ಹಿಡಿಯುವುದರಲ್ಲಿ ಅಪ್ಪನನ್ನೇ ಮೀರಿಸಿದವಳು. ಮೂರನೆಯವನು ಪ್ರಜ್ವಲ್. ಮಂಡ್ಯದವನು, ಈಜು ಕಲಿತದ್ದು ವಿಸಿ ನಾಲೆಯಲ್ಲಿ. ಔಷಧ ಕಂಪನಿಯೊಂದರ ಪ್ಯಾಕಿಂಗ್ ವಿಭಾಗಕ್ಕೆಂದು ವಿಶಾಖಪಟ್ಟಣಕ್ಕೆ ಬಂದು ತೆಲುಗಿನವರನ್ನು ಮದುವೆಯಾಗಿದ್ದ ಚಿಕ್ಕಮ್ಮನ ಈ ಮನೆಯಲ್ಲೇ ಠಿಕಾಣಿ ಹೂಡಿದ್ದ. ಅವನ ಕಂಪನಿಯಲ್ಲಿ ಡಬ್ಬಿಗಳನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಬೆಲ್ಟಿನ ಮೇಲೆ ಸಾಗುವಾಗಲೇ ಯಂತ್ರ ತೂಗುತ್ತದೆ. ಒಂದು ಮಾತ್ರೆಯ ಪಟ್ಟಿ ಕಡಿಮೆಯಿದ್ದರೂ ಡಬ್ಬಿಯನ್ನು ಆಚೆ ತಳ್ಳುತ್ತದೆ. ತೂಕ ಸರಿಯಿದ್ದರೆ ಒಳಗಿನದೂ ಸರಿ ಎಂದು ಪ್ರಜ್ವಲ್ ದೇವರಾಣೆ ನಂಬಿದ್ದ.

ಚೀಲಗಳಲ್ಲದೆ ನೀರು ನುಗ್ಗದ ಒಂದು ನೀಲಿ ಡ್ರಮ್ ಇತ್ತು. ಅದರಲ್ಲಿ ಮೂವರಿಗೂ ಸ್ವೆಟರು, ಶಾಲು, ಕಂಬಳಿ, ಒಣ ಪೈಜಾಮ. ಮುಚ್ಚಳದ ಜೇಬಿನಲ್ಲಿ ಬೆಂಕಿಪೊಟ್ಟಣ. “ನೆಂದು ಚಳಿ ಹಿಡಿದಾಗ ಮಾತ್ರ ಇದನ್ನ ತೆಗೀಬೇಕು,” ಎಂದು ಪ್ರಜ್ವಲ್ ಕಟ್ಟಪ್ಪಣೆ ಮಾಡಿದ.

“ಆಂಧ್ರದಲ್ಲಿ ಕಂಬಳಿಯಂತೆ!” ಎಂದು ಚಿಕ್ಕಮ್ಮ ಚೆನ್ನಮ್ಮ ಮೂಗು ಮುರಿದರು. “ತಿನ್ನೋದಕ್ಕೆ ಮಾತ್ರ ಅವಲಕ್ಕಿ, ಬೆಲ್ಲ! ಗಂಡನ್ನ ಉಪವಾಸ ಕಳ್ಸಿದ್ಲು ಅಂತ ಪಟಮಟದ ಅತ್ತಿಗೆ ನನ್ನ ಆಡ್ಕೊಳ್ಳಲ್ವಾ?”

“ತೂಕ, ಚಿಕ್ಕಮ್ಮ, ತೂಕ!”

ಚಿಕ್ಕಮ್ಮ ತೂಕದ ಕೊಕ್ಕೆಯನ್ನೊಮ್ಮೆ ನೋಡಿ ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಪ್ರಜ್ವಲ್ ಡ್ರಮ್ಮನ್ನು ಇನ್ನೊಮ್ಮೆ ತೂಗಿದ. ಹಿಂದಿನ ಸಂಜೆ ಎಷ್ಟಿತ್ತೋ ಅಷ್ಟೇ. ಬಾಯಿಗೆ ಟೇಪು ಸುತ್ತಿ, ಕರಾವಳಿ ಪೊಲೀಸರಿಗೆ ಒಂದು ಮಾತು ತಿಳಿಸಿ, ಮೂವರೂ ಕಡಲಿಗಿಳಿದರು.

ಮೊದಮೊದಲು ಎಲ್ಲವೂ ಹಬ್ಬದ ಹಾಗಿತ್ತು. ಈಶಾನ್ಯದ ಗಾಳಿ ಬೆನ್ನಿಗೆ ಬೀಸಿ ದೋಣಿಯನ್ನು ದೂಡುತ್ತಿತ್ತು. ಬಲಕ್ಕೆ ಕೆಂಪು ಮಣ್ಣಿನ ದಿಬ್ಬಗಳು ಹಿಂದೆ ಸರಿದವು, ಆಮೇಲೆ ಬಂದರಿನ ಕ್ರೇನುಗಳು, ಆಮೇಲೆ ತಾಳೆಮರಗಳ ಸಾಲು. ಕಾಕಿನಾಡ ದಾಟಿದ ಮೇಲೆ ದಡ ತಗ್ಗಾಗುತ್ತಾ ಹೋಗಿ, ಕಡೆಗೆ ಗಾಳಿ ಮರಗಳ ತೆಳ್ಳನೆಯ ಹಸಿರು ಗೆರೆಯಷ್ಟೇ ಉಳಿಯಿತು. ಬೆಳಗಿನ ಹೊತ್ತು ನೀರಿಗೆ ಕೈಯಿಟ್ಟರೆ ಬೆರಳು ಜುಮ್ಮೆನ್ನುತ್ತಿತ್ತು. ವಿಜಯವಾಡದ ಬಿಸಿಲಿನ ಕತೆ ಕೇಳಿ ಬೆಳೆದ ಪ್ರಜ್ವಲನಿಗೆ ಆಂಧ್ರದ ಕಡಲು ಹೀಗೂ ತಣ್ಣಗಿರುತ್ತದೆಂದು ಗೊತ್ತೇ ಇರಲಿಲ್ಲ.

ಗೋದಾವರಿ ಕಡಲು ಸೇರುವ ಕಡೆ ಬರುವಷ್ಟರಲ್ಲಿ ಬೆಳಿಗ್ಗೆಯೇ ಮೋಡ ಕವಿಯಿತು. ತುಂತುರು ಶುರುವಾಯಿತು. ನೀರಿನ ಬಣ್ಣ ಕಂದಾಗಿ, ಅಲೆಗಳು ದಿಕ್ಕುದೆಸೆಯಿಲ್ಲದೆ ಕುದಿಯತೊಡಗಿದವು.

“ಕೆಳಗೆ ಮರಳು ದಿಬ್ಬ ಇದೆ. ಜಾಗ್ರತ್ತಗಾ, ಹಾಯಿ ಇಳಿಸಮ್ಮ!” ಎಂದರು ಜಗನ್ಮೋಹನ್.

ಹಗ್ಗ ಕಂಬದ ತುದಿಯಲ್ಲಿ ಸಿಕ್ಕಿಕೊಂಡಿತು. ಚುಕ್ಕಾಣಿಯನ್ನು ಪ್ರಜ್ವಲನ ಕೈಗೆ ಕೊಟ್ಟು ಅವರೇ ಬಿಡಿಸಲು ಎದ್ದರು.

ಅಷ್ಟರಲ್ಲಿ ಪಕ್ಕದಿಂದ ಒಂದು ಅಲೆ ಎದ್ದಿತು.

ಪ್ರಜ್ವಲ್ ಚುಕ್ಕಾಣಿ ಎಳೆದ. ದೋಣಿ ಮಾತು ಕೇಳಲಿಲ್ಲ. ಆಕಾಶ ಪಲ್ಟಿ ಹೊಡೆಯಿತು. ಮೂಗು, ಬಾಯಿ, ಕಿವಿಯಲ್ಲೆಲ್ಲ ಉಪ್ಪುನೀರು!

ಲೈಫ್ ಜಾಕೆಟ್ ಅವನನ್ನು ಮೇಲಕ್ಕೆತ್ತಿದಾಗ ದುರ್ಗಾಂಬ ಮಗುಚಿ ಬಿದ್ದಿತ್ತು. ಕೆಮ್ಮುತ್ತಾ ಸುತ್ತ ನೋಡಿದ. ಲಕ್ಷ್ಮೀಪ್ರಸನ್ನ ಇದ್ದಾಳೆ. ಚಿಕ್ಕಪ್ಪ?

“ಇಕ್ಕಡ್ರಾ! ಈ ಕಡೆ ಇದೀನಿ!” ದೋಣಿಯ ಆಚೆಯಿಂದ ಕೂಗು ಬಂತು.

ತಳದ ಹಲಗೆಯ ಮೇಲೆ ಭಾರ ಹಾಕಿ ದೋಣಿಯನ್ನು ನೆಟ್ಟಗೆ ಮಾಡಿದರು. ಮತ್ತೊಂದು ಅಲೆ ಬಂದು ಮಗುಚಿತು. ಮತ್ತೆ ಎತ್ತಿದರು. ಮತ್ತೆ ಮಗುಚಿತು. ಪ್ರತಿ ಸಲವೂ ಜಗನ್ಮೋಹನ್ ನೀರಿನಲ್ಲೇ ಉಳಿದು ಹುಡುಗರನ್ನು ಮೊದಲು ಹತ್ತಿಸಿದರು. ಕಡೆಗೂ ದೋಣಿ ನಿಂತಾಗ ಬೆಳಗು ಕಳೆದು ಹೋಗಿತ್ತು. ಚೀಲಗಳು ನೀರುಪಾಲಾಗಿದ್ದವು. ಕಟ್ಟಿ ಹಾಕಿದ್ದ ನೀಲಿ ಡ್ರಮ್, ನೀರಿನ ಕ್ಯಾನು, ಬೇಯಿಸುವ ಪಾತ್ರೆ ಮತ್ತು ಬೆಲ್ಲದ ಡಬ್ಬಿ ಮಾತ್ರ ಉಳಿದಿದ್ದವು.

ಹರಿದ ಹಾಯಿಯಲ್ಲಿ ದಡದ ಕಡೆಗೆ ತೆವಳುತ್ತಾ ಹೋಗುವಾಗ ಜಗನ್ಮೋಹನರ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು. ಅರವತ್ತು ದಾಟಿದ ಸಣಕಲು ದೇಹ ಗಡಗಡ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

“ಸದ್ಯ, ಸುಧಾರಿಸ್ಕೊಂಡ್ರು,” ಎಂದ ಪ್ರಜ್ವಲ್.

ಲಕ್ಷ್ಮೀಪ್ರಸನ್ನ ಅಪ್ಪನ ನಾಡಿ ಹಿಡಿದಳು. “ಅಲ್ಲ ಅಣ್ಣ! ನಡುಗೋದು ನಿಂತ್ರೆ ಒಳ್ಳೇದಲ್ಲ. ಮೈಗೆ ನಡುಗೋ ಶಕ್ತಿನೂ ಇನ್ನಿಲ್ಲ. ನಾನ್ನಾ! ನಾನ್ನಾ, ಇವನು ಯಾರು ಹೇಳಿ?” ಎಂದು ಅಪ್ಪನ ಕೆನ್ನೆ ತಟ್ಟಿದಳು.

ಜಗನ್ಮೋಹನ್ ಪ್ರಜ್ವಲನನ್ನು ದಿಟ್ಟಿಸಿದರು. “ಟಿಕೆಟ್... ತಗೊಂಡಿದ್ದೀಯಾ ಬಾಬೂ?” ಎಂದು ತೊದಲಿದರು.

ಪ್ರಜ್ವಲ್ ಅವರ ಕೈ ಹಿಡಿದುಕೊಂಡ. ದಿನವೂ ತನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಚಿಕ್ಕಪ್ಪನಿಗೆ ತಾನು ಯಾರೆಂದು ತಿಳಿಯುತ್ತಿಲ್ಲ!

“ಡ್ರಮ್ ಇದೆಯಲ್ಲ,” ಎಂದು ತನಗೆ ತಾನೇ ಹೇಳಿಕೊಂಡ. “ದಡ ಸೇರಿದ್ರೆ ಸಾಕು. ಕಂಬಳಿ ಇದೆ.”

ದೋಣಿ ಮರಳಿಗೆ ಬಡಿಯಿತು. ಕಣ್ಣು ಹಾಯಿಸಿದಷ್ಟು ದೂರ ನರಪಿಳ್ಳೆಯಿಲ್ಲ. ಫೋನುಗಳು ನೀರು ಕುಡಿದು ಸತ್ತಿದ್ದವು. ಇಬ್ಬರೂ ಜಗನ್ಮೋಹನರನ್ನು ಹೊತ್ತು ಗಾಳಿ ಮರಗಳ ಮರೆಗೆ ತಂದರು. ಪ್ರಜ್ವಲ್ ಹಲ್ಲಿನಿಂದಲೇ ಟೇಪು ಕಿತ್ತು ಡ್ರಮ್ಮಿನ ಮುಚ್ಚಳ ತೆಗೆದ.

ಕಂಬಳಿ ಇಲ್ಲ. ಸ್ವೆಟರಿಲ್ಲ. ಒಳಗೆ ಎರಡು ದೊಡ್ಡ ಡಬ್ಬಿಗಳು. ಒಂದರ ತುಂಬ ಚಕ್ಕುಲಿ. ಇನ್ನೊಂದರ ತುಂಬ ಕೋಡುಬಳೆ, ನಿಪ್ಪಟ್ಟು.

ಪ್ರಜ್ವಲ್ ಹೌಹಾರಿ ಕುಳಿತುಬಿಟ್ಟ. ಕಣ್ಣಿನ ಮುಂದೆ ಇರುವುದನ್ನು ಅವನ ತಲೆ ಒಪ್ಪಲಿಲ್ಲ. ಡಬ್ಬಿಗಳನ್ನು ಎತ್ತಿ ಕೆಳಗೆ ಕೈಯಾಡಿಸಿದ. ತಳ ಸಿಕ್ಕಿತು, ಅಷ್ಟೇ.

“ಇದು ಅಮ್ಮನದೇ ಕೆಲಸ,” ಎಂದಳು ಲಕ್ಷ್ಮೀಪ್ರಸನ್ನ. “ಅವತ್ತು ನೀನು ಮಲಗಿದ ಮೇಲೆ ನಿನ್ನ ತ್ರಾಸು ತಗೊಂಡು ಅಡುಗೆಮನೆಗೆ ಹೋದ್ಲು. ಎಷ್ಟು ತೆಗೆದ್ಲೋ ಅಷ್ಟೇ ತೂಕ ತುಂಬಿದ್ದಾಳೆ!”

“ನಾನು ಮುಚ್ಚಳ ತೆಗೆದು ನೋಡ್ಬೇಕಿತ್ತು,” ಎಂದ ಪ್ರಜ್ವಲ್.

“ಆಮೇಲೆ ಅಳು ಅಣ್ಣ! ಒದ್ದೆ ಬಟ್ಟೆ ಬಿಚ್ಚು, ಬೆಂಕಿ ಹಾಕು!”

ಲಕ್ಷ್ಮೀಪ್ರಸನ್ನ ಅಪ್ಪನ ಬಟ್ಟೆ ಬಿಚ್ಚಿ, ಕೈಗೆ ಸಿಕ್ಕ ಹಾಯಿಯ ತುಂಡಿನಿಂದ ಗಾಳಿ ತಡೆದು, ಎದೆಗವಚಿ ಕುಳಿತಳು. ಪ್ರಜ್ವಲ್ ಬಿದ್ದ ಎಲೆ, ಪುಳ್ಳೆ ಬಾಚಿ ತಂದ. ಎಲ್ಲವೂ ತುಂತುರಿಗೆ ನೆಂದಿದ್ದವು. ಮುಚ್ಚಳದ ಜೇಬಿನಲ್ಲಿದ್ದ ಬೆಂಕಿಪೊಟ್ಟಣ ತೆಗೆದ. ಕಡ್ಡಿ ಗೀರಿದ. ಬುಸ್ಸೆಂದು ಹೊಗೆ ಬಂದು ಆರಿತು. ಇನ್ನೊಂದು ಗೀರಿದ. ಅದೂ ಆರಿತು. ಮುಂದಿನದು ಹೊತ್ತುವ ಮೊದಲೇ ಮುರಿಯಿತು.

“ಬೇಗ ಅಣ್ಣ! ಕಣ್ಣು ಮುಚ್ತಾ ಇದ್ದಾರೆ!”

ರೊಚ್ಚಿಗೆದ್ದು ಅವನು ಚಕ್ಕುಲಿಯ ಡಬ್ಬಿಯನ್ನು ಒದ್ದ. ಡಬ್ಬಿ ಉರುಳಿ, ತಳಕ್ಕೆ ಹಾಸಿದ್ದ ಪೇಪರು ಹೊರಬಿತ್ತು. ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು.

ಪ್ರಜ್ವಲ್ ಅದನ್ನೇ ನೋಡಿದ. ಬಾಚಿ ತಂದು, ಮೇಲೆ ಚಕ್ಕುಲಿ ಒಡೆದು ಹಾಕಿ ಕಡ್ಡಿ ಗೀರಿದ. ಪೇಪರು ಹೊತ್ತಿತು. ಚಕ್ಕುಲಿ ಚಟಪಟ ಎಂದಿತು. ಅದರ ತುದಿಯಲ್ಲಿ ಹಳದಿ ಜ್ವಾಲೆ ನಿಂತಿತು, ಆರಲಿಲ್ಲ!

“ಉರೀತಾ ಇದೆ! ಲಕ್ಷ್ಮೀ, ಚಕ್ಕುಲಿ ಉರೀತಾ ಇದೆ!” ಅವನು ಹುಚ್ಚನಂತೆ ಕೂಗಿದ.

ಕೋಡುಬಳೆ ಬಿತ್ತು, ನಿಪ್ಪಟ್ಟು ಬಿತ್ತು. ಕರಿದ ತಿಂಡಿಯ ಘಮ ಆ ನಿರ್ಜನ ದಡದ ತುಂಬ ಹಬ್ಬಿತು. ಒದ್ದೆ ಪುಳ್ಳೆ ಮೊದಲು ಹೊಗೆಯಾಡಿ, ಆಮೇಲೆ ಒಣಗಿ, ಕಡೆಗೆ ಧಗ್ಗನೆ ಹೊತ್ತಿಕೊಂಡಿತು. ಪಾತ್ರೆಯಲ್ಲಿ ಬೆಲ್ಲದ ನೀರು ಕಾಯಲಿಟ್ಟು, ಪ್ರಜ್ವಲ್ ಚಿಕ್ಕಪ್ಪನ ಪಾದಗಳನ್ನು ತನ್ನ ಬರಿ ಹೊಟ್ಟೆಗೆ ಒತ್ತಿಕೊಂಡು ಕುಳಿತ. ಅವು ಸತ್ತ ಮೀನಿನಷ್ಟು ತಣ್ಣಗಿದ್ದವು. ಅವನಿಗೆ ಗೊತ್ತಿದ್ದ ದೇವರೆಲ್ಲರ ಹೆಸರೂ ಮುಗಿದವು.

ಬಹಳ ಹೊತ್ತಾದ ಮೇಲೆ ಆ ಪಾದಗಳು ಅದುರಿದವು. ಆಮೇಲೆ ಕಾಲು, ಆಮೇಲೆ ಇಡೀ ಮೈ ಗಡಗಡನೆ ನಡುಗತೊಡಗಿತು.

“ನಡುಗ್ತಾ ಇದ್ದಾರೆ!” ಎಂದು ಲಕ್ಷ್ಮೀಪ್ರಸನ್ನ ಅತ್ತುಬಿಟ್ಟಳು. ಒಬ್ಬ ಮನುಷ್ಯ ನಡುಗಿದರೆ ಇಷ್ಟು ಸಂತೋಷವಾಗಬಹುದೆಂದು ಪ್ರಜ್ವಲ್ ಎಂದೂ ಎಣಿಸಿರಲಿಲ್ಲ.

ಜಗನ್ಮೋಹನ್ ಬೆಲ್ಲದ ನೀರನ್ನು ಒಂದು ಗುಟುಕು ನುಂಗಿ, ನಿಧಾನಕ್ಕೆ ಕಣ್ಣರಳಿಸಿ ಕಡಲಿನ ಕಡೆ ನೋಡಿದರು. “ಪ್ರಜ್ವಲ್... ದೋಣಿ ಕಟ್ಟದೇ ಬಂದಿದ್ದೀಯಲ್ರಾ ವೆಧವಾ. ಅಲೆ ಎಳ್ಕೊಂಡು ಹೋಗುತ್ತೆ.”

ಆ ಬೈಗುಳಕ್ಕೆ ಪ್ರಜ್ವಲ್ ಕೈಮುಗಿದ.

ಅವತ್ತು, ಮರುದಿನ ಅಲ್ಲೇ ಬೀಡುಬಿಟ್ಟರು. ಕಡಲು ಶಾಂತವಾದ ಮೇಲೆ ಹಾಯಿಗೆ ತೇಪೆ ಹಾಕಿ ಹೊರಟರು. ಜಗನ್ಮೋಹನ್ ಚುಕ್ಕಾಣಿಯನ್ನು ಪ್ರಜ್ವಲನ ಕೈಗೇ ಬಿಟ್ಟು, ಬಿಸಿಲಿಗೆ ಬೆನ್ನುಕೊಟ್ಟು ಕುಳಿತು, ಸಣ್ಣಪುಟ್ಟದಕ್ಕೂ ಬೈಯುತ್ತಾ ಬಂದರು. ಮಚಲೀಪಟ್ಟಣದ ಮೀನುಗಾರಿಕೆ ದಕ್ಕೆಯಲ್ಲಿ ದುರ್ಗಾಂಬ ತಂಗಿದಾಗ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಬಲೆ ಒಣಹಾಕುತ್ತಿದ್ದವನೊಬ್ಬ ಎಲ್ಲಿಂದ ಬಂದಿರಿ ಎಂದು ಕೇಳಿದ. ಭೀಮಿಲಿ ಎಂದಾಗ ನಂಬದೆ ಎದ್ದು ಬಂದು ದೋಣಿಯನ್ನು ಒಂದು ಸುತ್ತು ಹಾಕಿದ. ಅಷ್ಟು ಸಾಕಾಯಿತು.

ಭೋಗಿಯ ಹಿಂದಿನ ದಿನ ಪಟಮಟದ ಮನೆ ತುಂಬಿತ್ತು. ಚೆನ್ನಮ್ಮ ರೈಲಿನಲ್ಲಿ ಮೊದಲೇ ಬಂದಿದ್ದರು. ಅವರಿಗೆ ಏನೂ ಹೇಳಬಾರದೆಂದು ಜಗನ್ಮೋಹನ್ ಕಾರಿನಲ್ಲೇ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಊಟ ಮುಗಿಸಿ ಹಾಸಿಗೆಯ ಮೇಲೆ ಒರಗಿದರು.

ಚೆನ್ನಮ್ಮ ಬಾಗಿಲಿಗೆ ಒರಗಿ ಪ್ರಜ್ವಲನನ್ನು ನೋಡಿ ನಕ್ಕರು. “ಡ್ರಮ್ ತೆಗೆದ್ರೇನೋ? ಚಕ್ಕುಲಿ ಹೆಂಗಿತ್ತು? ನಿನ್ನ ತ್ರಾಸಿಗೂ ಗೊತ್ತಾಗ್ಲಿಲ್ಲ ನೋಡು!”

“ಚಾಲಾ ಚೆನ್ನಾಗಿತ್ತು,” ಎಂದರು ಜಗನ್ಮೋಹನ್ ಅವಸರದಲ್ಲಿ.

ಚಿಕ್ಕಮ್ಮನ ಮುಖದಲ್ಲಿ ಮುಗ್ಧ ಸಂಭ್ರಮವಿತ್ತು. ಪ್ರಜ್ವಲ್ ಸುಮ್ಮನಿರಬಹುದಿತ್ತು. ಆದರೆ ಮುಂದಿನ ವರ್ಷವೂ ಚಿಕ್ಕಪ್ಪ ಹೊರಡುತ್ತಾರೆ, ಆಗಲೂ ಚಿಕ್ಕಮ್ಮ ತ್ರಾಸು ಹಿಡಿದು ಕೂರುತ್ತಾರೆ.

“ಚಿಕ್ಕಮ್ಮ, ತಪ್ಪು ನಂದು. ಮುಚ್ಚಳ ತೆಗೆದು ನೋಡ್ದೆ ಟೇಪ್ ಸುತ್ತಿದೆ,” ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ಟಿಕೆಟ್ ಕೇಳಿದ್ದನ್ನೂ ಬಿಡಲಿಲ್ಲ.

ಚೆನ್ನಮ್ಮನ ನಗು ಅರ್ಧಕ್ಕೇ ನಿಂತಿತು. ಬೈಯುತ್ತಾರೆ, ಅಳುತ್ತಾರೆ ಎಂದು ಎಲ್ಲರೂ ಕಾದರು. ಅವರು ಹೋಗಿ ಹಾಸಿಗೆಯ ತುದಿಯಲ್ಲಿ ಕುಳಿತು, ಹೊದಿಕೆಯ ಒಳಗೆ ಕೈಹಾಕಿ ಗಂಡನ ಅಂಗಾಲು ಮುಟ್ಟಿದರು.

“ಏಮಿಟೇ ಇದು, ಎಲ್ಲರ ಮುಂದೆ,” ಎಂದು ಜಗನ್ಮೋಹನ್ ಕಾಲು ಎಳೆದುಕೊಳ್ಳಲು ನೋಡಿದರು.

“ಸುಮ್ನಿರಿ,” ಎಂದರು ಚೆನ್ನಮ್ಮ. “ಬೆಚ್ಚಗಿದೆ.”

ಅಡುಗೆಮನೆಯಿಂದ ಸೂರ್ಯಕಾಂತಮ್ಮ ಕಾಫಿಗೆ ಮತ್ತೆ ಮತ್ತೆ ಕರೆದರು. ಚೆನ್ನಮ್ಮ ಕೈ ತೆಗೆಯಲಿಲ್ಲ.