ಮಾತು ನುಂಗುವ ಪೆಟ್ಟಿಗೆ

"ಬೇರೆ ಯಾವುದಾದ್ರೂ ತಗೊಳ್ಳಿ ಸಾರ್, ಇದೊಂದು ಬೇಡ," ಎಂದಳು ಹಳೆಯ ಕಂಪ್ಯೂಟರುಗಳ ಅಂಗಡಿಯಾಕೆ. ದನಿ ತಗ್ಗಿತ್ತು. "ಇದರ ಯಜಮಾನನಿಗೆ ಆಗದವರು ಮಾಟ ಮಾಡಿಸಿದ್ರು. ಒಳಗೆ ಹೋದದ್ದು ಇದರದ್ದೇ ಆಗಿಬಿಡುತ್ತೆ. ಆಮೇಲೆ ಯಾರೋ ಬಲ್ಲವರು ದಾರ ಕಟ್ಟಿ ಅದನ್ನ ತಡೆದಿದ್ದಾರೆ. ಆ ದಾರ ಮಾತ್ರ ಬಿಚ್ಚಬೇಡಿ."

ವಕೀಲ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ; ಸಾಕ್ಷಿಗಳ ಬೆವರಿಳಿಸುವ ನಾಲಗೆ ಎಂದು ಆಗಲೇ ಕೋರ್ಟಿನಲ್ಲಿ ಹೆಸರಾಗಿತ್ತು. "ಕಂಪ್ಯೂಟರಿಗೂ ಮಾಟನಾ? ಕಾಲಕ್ಕೆ ತಕ್ಕ ಕೋಲ ಬಿಡಮ್ಮ!"

ಮನೆಯ ಫೋನುಗಳಲ್ಲಿ ಜಾಗ ತುಂಬಿಹೋಗಿತ್ತು. ಎಲ್ಲ ಫೋಟೊ, ವಿಡಿಯೊಗಳ ಪ್ರತಿ ತಾನಾಗಿಯೇ ಒಂದು ಕಡೆ ಸೇರಬೇಕು, ಬೇಕೆಂದಾಗ ನಡುಮನೆಯ ಟಿವಿಯಲ್ಲಿ ನೋಡುವಂತಿರಬೇಕು ಎಂಬುದು ಅವನ ಆಸೆ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಕೊಂಡುತಂದ ಕಂಪ್ಯೂಟರ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ. ಸುಟ್ಟ ಕೂದಲಿನ ವಾಸನೆ ಮುಖಕ್ಕೆ ರಾಚಿತು. ಧೂಳಿನ ನಡುವೆ ಒಂದು ತಾಮ್ರದ ತಗಡು, ಅದಕ್ಕೆ ಏಳು ಸುತ್ತು ಕರಿ ದಾರ. ಕತ್ತರಿ ಹಾಕಿದ. ಎರಡನ್ನೂ ಕಸದ ಬುಟ್ಟಿಗೆಸೆದು ಹೊಸ ಹಾರ್ಡ್ ಡಿಸ್ಕ್ ಕೂರಿಸಿದ. ಸಂಜೆಯ ಹೊತ್ತಿಗೆ ಪೆಟ್ಟಿಗೆ ಫೋನುಗಳಲ್ಲಿದ್ದ ಮಗಳ ವಿಡಿಯೊಗಳನ್ನು ಕಟಕಟನೆ ಒಳಗೆಳೆದುಕೊಳ್ಳತೊಡಗಿತು. ಯಾರೋ ಬಾಯಿ ಮುಚ್ಚಿಕೊಂಡು ಅಗಿಯುತ್ತಿರುವಂಥ ಸದ್ದು.

ಬುಧವಾರದ ಹೊತ್ತಿಗೆ ನಾಲ್ಕು ವರ್ಷದ ಮಗಳು ಮಾತು ಕಡಿಮೆ ಮಾಡಿದಳು. ಗುರುವಾರ ನೀರು ಬೇಕಾದರೂ ಕೈ ತೋರಿಸಿದಳು.

"ಏನಂದೆ ಮಗೂಗೆ?" ವಕೀಲ ಹೆಂಡತಿಯನ್ನು ಕೇಳಿದ.

"ನಾನ್ಯಾಕೆ ಏನಾದ್ರೂ ಅನ್ನಲಿ?"

"ಹಾಗಾದ್ರೆ ಕಣ್ಣು ಯಾಕೆ ತಪ್ಪಿಸ್ತಿದೀಯ?"

"ಅಳು ಬರ್ತಿದೆ ಕಣ್ರೀ, ಅದಕ್ಕೆ!"

ಅವನು ನಂಬಲಿಲ್ಲ. ಹೆಂಡತಿ ಮಗುವನ್ನು ಗದರಿಸುವುದು ಎಲ್ಲಾದರೂ ಸಿಕ್ಕೀತೆಂದು ಕದ್ದು ಅವಳ ಫೋನು ತೆಗೆದ. ಮಗಳ ವಿಡಿಯೊ ಒತ್ತಿದ. ತುಟಿ ಅಲ್ಲಾಡಿತು, ದನಿಯಿಲ್ಲ. ಇನ್ನೊಂದು. ಅದೂ ಮೂಕ. ಅದೇ ವಿಡಿಯೊ ಪೆಟ್ಟಿಗೆಯಿಂದ ಟಿವಿಗೆ ಹಾಕಿದ. ಮಗಳ ನಗು ನಡುಮನೆಯನ್ನೆಲ್ಲ ತುಂಬಿತು. ಸೋಫಾದಲ್ಲಿ ಕೂತಿದ್ದ ಮಗಳು ಗಂಟಲು ಹಿಡಿದುಕೊಂಡು ಟಿವಿಯನ್ನೇ ನೋಡುತ್ತಿದ್ದಳು.

ದಾರ, ತಗಡು ಬಿದ್ದಿದ್ದ ಬುಟ್ಟಿಯ ಕಸ ಸೋಮವಾರವೇ ಹೋಗಿತ್ತು. ವಕೀಲ ಅಂಗಡಿಗೆ ಓಡಿದ.

"ನುಂಗಿದ್ದನ್ನ ಸುಮ್ಮನೆ ಕಕ್ಕಲ್ಲ ಅದು," ಎಂದಳು ಅಂಗಡಿಯಾಕೆ, ಬಾಗಿಲಲ್ಲೇ ನಿಂತು. "ಅಂಥದ್ದೇ ಇನ್ನೊಂದು ಕೊಡಬೇಕು."

"ಅಂಥದ್ದೇ ಅಂದ್ರೆ?"

ಅವಳು ಅವನ ಗಂಟಲನ್ನೇ ನೋಡಿದಳು.

ಮಧ್ಯಾಹ್ನ ಅವನು ಆ ಕತ್ತಲ ಕೋಣೆ ಹೊಕ್ಕ. ಫೋನಿನಲ್ಲಿ ತನ್ನ ದನಿ ತುಂಬಿದ. "ನನ್ನ ಮಾತು ತಗೋ. ಅವಳದ್ದು ಬಿಡು." ಆ ದನಿಯ ಪ್ರತಿ ತಾನಾಗಿಯೇ ಪೆಟ್ಟಿಗೆಗೆ ಹೋಗತೊಡಗಿತು. ಕಟಕಟ. ಕಟಕಟ. ಎದೆಯಿಂದ ನೂಲೊಂದನ್ನು ಸರಸರನೆ ಎಳೆದಂತಾಯಿತು.

"ಅಮ್ಮಾ!" ನಡುಮನೆಯಲ್ಲಿ ಮಗಳ ಕೂಗು.

ಅವನು ಓಡಿಬಂದ. ಹೆಂಡತಿ ಮಗುವನ್ನು ಅಪ್ಪಿಕೊಂಡು ಬಿಕ್ಕುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ಹೋದರೆ ಹೋಗಲಿ, ಮಗು ಉಳಿಯಿತಲ್ಲ ಎಂದುಕೊಂಡ.

ಆಗ ಮೆಟ್ಟಿಲ ಕೆಳಗಿನಿಂದ ಅವನದೇ ದನಿ ಕರೆಯಿತು.

"ಪುಟ್ಟೀ, ಅಪ್ಪ ಇಲ್ಲಿದೀನಿ. ಬಾ."

ಮಗಳ ಮುಖ ಅರಳಿತು. ಅಮ್ಮನ ಕೈಯಿಂದ ಜಾರಿ ಓಡಿದಳು. ಹೋಗಬೇಡ! ಅವನು ಕಿರುಚಿದ. ಸದ್ದಿಲ್ಲ. ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಾಲು ತೂರಿಸಿದ. ಎಲುಬು ಲಟಕ್ಕೆಂದಿತು. ಒಳಗೆ ನುಗ್ಗಿದ. ಹಿಂದೆ ಬಾಗಿಲು ಮುಚ್ಚಿತು. ಗವ್ವೆನ್ನುವ ಕತ್ತಲು. ಸುಟ್ಟ ಕೂದಲಿನ ವಾಸನೆ. ವೈರು ಕಿತ್ತ. ಪೆಟ್ಟಿಗೆಯ ಕೆಂಪು ದೀಪ ಆರಲಿಲ್ಲ. "ಬಾ ಮಗಳೇ. ಇನ್ನೂ ಹತ್ತಿರ." ಮಗಳ ಕೈ ಪೆಟ್ಟಿಗೆ ಮುಟ್ಟುವುದರಲ್ಲಿತ್ತು. ಅವನು ಪೆಟ್ಟಿಗೆಯನ್ನು ತಲೆಯ ಮೇಲಕ್ಕೆತ್ತಿದ. ನೆಲಕ್ಕೆ ಕುಕ್ಕಿದ. ಮತ್ತೆ ಕುಕ್ಕಿದ. ಮತ್ತೆ. ತನ್ನದೇ ದನಿ ನರಳಿ, ಗೊರಗೊರ ಎಂದು, ಅಡಗಿತು.

ಅವನು ತೋಳು ಚಾಚಿ ಮಗಳನ್ನು ಬಾಚಿಕೊಳ್ಳಹೋದ. ಅವಳು ಗೋಡೆಗೆ ಒತ್ತಿಕೊಂಡು ನಡುಗಿದಳು. ಕತ್ತಲಲ್ಲಿ ಕೈಗೆ ಸಿಕ್ಕ ಮುಖ ಪರಚಿದಳು.

"ಮುಟ್ಟಬೇಡ! ಯಾರು ನೀನು? ನಮ್ಮಪ್ಪನ್ನ ಕೊಂದುಬಿಟ್ಯಲ್ಲಾ!"

ಅವನು ತುಟಿ ಅಲ್ಲಾಡಿಸಿದ.